ಒಂದೇ ಸರ್ವರ್, ಎರಡು ಡೇಟಾಬೇಸ್: ಒಂದು ಪೂರ್ತಿ ವಾಪಸ್ ಬಂತು, ಇನ್ನೊಂದು ಬರಲಿಲ್ಲ

ಇದು ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ನಡೆದದ್ದು. ಯಂತ್ರಗಳ ಬಿಡಿಭಾಗ ತಯಾರಿಸಿ ಇಲ್ಲೂ ಹೊರದೇಶಕ್ಕೂ ಕಳಿಸುವ ಕಂಪನಿ. ಕಂಪನಿಯ ಹೆಸರು, ಜನರ ಗುರುತು ಬಿಟ್ಟಿದ್ದೇನೆ, ಅಂಕಿಗಳನ್ನು ದುಂಡು ಮಾಡಿದ್ದೇನೆ. ಮೇಲ್ ಸರ್ವರ್ ಬಿದ್ದಾಗ ಅವರು ಕರೆದ ಹೊರಗಿನ ಸಲಹೆಗಾರ ನಾನು. ಅಲ್ಲಿ ಎಲ್ಲರ ಮೇಲ್‌ಗಳನ್ನು ಇಡುವ ಎರಡು ಡೇಟಾಬೇಸ್ ಇದ್ದವು. ಎರಡೂ ಒಂದೇ ಗಳಿಗೆಯಲ್ಲಿ, ಒಂದೇ ಕಾರಣಕ್ಕೆ ಹೋದವು. ಎರಡಕ್ಕೂ ಒಂದೇ ರಾತ್ರಿಯ ಬ್ಯಾಕಪ್ ಇತ್ತು. ಆದರೂ ಒಂದರಲ್ಲಿ ಒಂದೇ ಒಂದು ಮೇಲ್ ಕೂಡ ಹೋಗಲಿಲ್ಲ, ಇನ್ನೊಂದರಲ್ಲಿ ಎರಡು ದಿನದ ಮೇಲ್‌ಗಳಿಗಾಗಿ ಪರದಾಡಬೇಕಾಯಿತು. ಈ ವ್ಯತ್ಯಾಸ ಎಲ್ಲಿ ಹುಟ್ಟಿತು ಅನ್ನುವುದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಮೈಕ್ರೋಸಾಫ್ಟಿನ ಮೇಲ್ ಸರ್ವರ್ ಸಾಫ್ಟ್‌ವೇರ್ ಆದ ಎಕ್ಸ್‌ಚೇಂಜ್ 2016, ಒಂದೇ ಸರ್ವರ್. ಸುಮಾರು 200 ಮೇಲ್‌ಬಾಕ್ಸ್. ಮೊದಲ ಡೇಟಾಬೇಸಿನಲ್ಲಿ ಆಡಳಿತ, ಅಕೌಂಟ್ಸ್ ಮತ್ತು ಸೇಲ್ಸ್‌ನವರು, ಗಾತ್ರ 420 ಜಿಬಿ. ಎರಡನೆಯದರಲ್ಲಿ ಪರ್ಚೇಸ್, ಸ್ಟೋರ್ಸ್, ಪ್ರೊಡಕ್ಷನ್, ಕ್ವಾಲಿಟಿ, ಗಾತ್ರ 250 ಜಿಬಿ. ಡೇಟಾಬೇಸ್ ಫೈಲುಗಳು ನಾಲ್ಕು ಡಿಸ್ಕಿನ ರೇಡ್ 5 ಮೇಲೆ ಇದ್ದವು. ರೇಡ್ ಅಂದರೆ ಇಲ್ಲಿ, ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಕೆಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವುದು. ಸಿ ಡ್ರೈವ್ ಮತ್ತು ಲಾಗ್ ಡ್ರೈವ್ ಬೇರೆ ಎರಡು ಡಿಸ್ಕಿನ ರೇಡ್ 1 ಮೇಲೆ ಇದ್ದವು. ಯಾರೋ ಬಹಳ ಹಿಂದೆ ಯೋಚಿಸಿಯೇ ಹೀಗೆ ಬೇರೆ ಮಾಡಿದ್ದರು. ಅವರಿಗೆ ನಾನು ಇಂದಿಗೂ ಋಣಿ.

ಲಾಗ್ ವಿಷಯ ಗೊತ್ತಿಲ್ಲದೆ ಈ ಕಥೆ ಅರ್ಥವಾಗುವುದಿಲ್ಲ. ಎಕ್ಸ್‌ಚೇಂಜ್‌ಗೆ ಬಂದ ಮೇಲ್ ನೇರವಾಗಿ ಡೇಟಾಬೇಸ್ ಫೈಲಿಗೆ ಹೋಗಿ ಕೂರುವುದಿಲ್ಲ, ಮೊದಲು ಲಾಗ್ ಫೈಲಿನಲ್ಲಿ ಬರೆಯಲಾಗುತ್ತದೆ. ಅಂಗಡಿಯಲ್ಲಿ ವ್ಯಾಪಾರ ಆದ ಕೂಡಲೇ ದಿನವಹಿಯಲ್ಲಿ ಬರೆದು, ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುವ ಹಾಗೆ. ಖಾತೆ ಪುಸ್ತಕ ಹಾಳಾದರೂ ಅದರ ಹಳೇ ನಕಲು ಮತ್ತು ಅಲ್ಲಿಂದೀಚೆಗಿನ ದಿನವಹಿ ಕೈಯಲ್ಲಿದ್ದರೆ ಲೆಕ್ಕ ಪೂರ್ತಿ ಸಿಗುತ್ತದೆ. ಒಂದೊಂದು ಲಾಗ್ ಫೈಲ್ 1 ಎಂಬಿ. ಬ್ಯಾಕಪ್ ಸರಿಯಾಗಿ ಮುಗಿದ ಮೇಲಷ್ಟೇ ಹಳೇ ಲಾಗ್‌ಗಳು ಅಳಿಯುತ್ತವೆ. ಬ್ಯಾಕಪ್ ವಿಫಲವಾದರೆ ಲಾಗ್‌ಗಳು ಡಿಸ್ಕಿನಲ್ಲಿ ಸೇರುತ್ತಾ ಹೋಗುತ್ತವೆ.

ಸರ್ಕ್ಯುಲರ್ ಲಾಗಿಂಗ್ ಅಂತ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ, ಡೇಟಾಬೇಸಿಗೆ ಏರಿದ ಲಾಗ್‌ಗಳನ್ನು ಬ್ಯಾಕಪ್‌ಗೆ ಕಾಯದೆ ಎಕ್ಸ್‌ಚೇಂಜ್ ತಾನೇ ಅಳಿಸುತ್ತದೆ. ಡಿಸ್ಕಿನಲ್ಲಿ ಜಾಗ ಉಳಿಯುತ್ತದೆ. ಆದರೆ ಬ್ಯಾಕಪ್ ಆದ ಮೇಲಿನ ಯಾವುದನ್ನೂ ಮತ್ತೆ ಕಟ್ಟಲು ಆಗುವುದಿಲ್ಲ. ಈ ಕಂಪನಿಯಲ್ಲಿ ಕೆಲವು ತಿಂಗಳ ಹಿಂದೆ ಒಂದಷ್ಟು ಮೇಲ್‌ಬಾಕ್ಸ್‌ಗಳನ್ನು ಎರಡನೇ ಡೇಟಾಬೇಸಿಗೆ ಸಾಗಿಸಿದ್ದರು. ಆಗ ಲಾಗ್ ಡ್ರೈವ್ ತುಂಬುತ್ತಾ ಬಂತು. ಆವತ್ತಿನ ಗುತ್ತಿಗೆದಾರರು ಆ ಡೇಟಾಬೇಸಿಗೆ ಸರ್ಕ್ಯುಲರ್ ಲಾಗಿಂಗ್ ಆನ್ ಮಾಡಿದರು. ಸಾಗಿಸುವ ಹೊತ್ತಿಗೆ ಹಾಗೆ ಮಾಡುವುದು ಮಾಮೂಲಿ. ಕೆಲಸ ಮುಗಿದ ಮೇಲೆ ಆಫ್ ಮಾಡಬೇಕಿತ್ತು, ಮಾಡಿರಲಿಲ್ಲ.

ಶನಿವಾರ ಸಂಜೆ

ರೇಡ್ 5ರಲ್ಲಿ ಒಂದು ಡಿಸ್ಕ್ ಮೊದಲೇ ಹೋಗಿ ಹಳದಿ ದೀಪ ಉರಿಯುತ್ತಿತ್ತು. ಅದರ ಎಚ್ಚರಿಕೆ ಮೇಲ್ ದಿನಾ ಹೋಗುತ್ತಿದ್ದದ್ದು ಕೆಲಸ ಬಿಟ್ಟು ಹೋದ ಒಬ್ಬರ ಮೇಲ್‌ಬಾಕ್ಸಿಗೆ. ಶನಿವಾರ ಸಂಜೆ ಎರಡನೇ ಡಿಸ್ಕ್ ಹೋಯಿತು. ರೇಡ್ 5 ಒಂದು ಡಿಸ್ಕ್ ಹೋದರೆ ತಡೆಯುತ್ತದೆ, ಎರಡು ಹೋದರೆ ಇಲ್ಲ. ಎರಡೂ ಡೇಟಾಬೇಸ್ ಒಟ್ಟಿಗೆ ಬಿದ್ದವು.

ಬ್ಯಾಕಪ್ ನೋಡಿದರೆ ಗುರುವಾರ ರಾತ್ರಿಯದು ಪೂರ್ತಿ ಆಗಿತ್ತು. ಶುಕ್ರವಾರ ರಾತ್ರಿಯದು, ಬ್ಯಾಕಪ್ ಇಡುವ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆಯಾದ ನ್ಯಾಸ್‌ನಲ್ಲಿ ಜಾಗ ಸಾಲದೆ ಅರ್ಧಕ್ಕೆ ನಿಂತಿತ್ತು. ಆ ಎಚ್ಚರಿಕೆಯೂ ಅದೇ ಹಳೇ ಮೇಲ್‌ಬಾಕ್ಸಿಗೇ ಹೋಗಿತ್ತು.

ನಾನು ತಲುಪುವ ಹೊತ್ತಿಗೆ ಅಲ್ಲಿನ ಕಿರಿಯ ಎಂಜಿನಿಯರ್ ರೇಡ್ ಕಂಟ್ರೋಲರ್ ಪರದೆಯ ಮುಂದೆ ಕೂತಿದ್ದರು. ಮೊದಲು ಹೋದ ಡಿಸ್ಕನ್ನು ಒತ್ತಾಯದಿಂದ ಆನ್‌ಲೈನ್ ಮಾಡುವ ಆಯ್ಕೆ ತೆರೆದಿತ್ತು. ಅವರು ಅದನ್ನು ಒತ್ತದೆ ಫೋನ್ ಮಾಡಿ ಕೇಳಿದ್ದು ಒಳ್ಳೆಯದಾಯಿತು. ಆ ಡಿಸ್ಕಿನಲ್ಲಿದ್ದದ್ದು ಹಳೇ ಡೇಟಾ. ಅದನ್ನು ಇತ್ತೀಚಿನ ಡೇಟಾ ಇದ್ದ ಡಿಸ್ಕುಗಳ ಜೊತೆ ಬೆರೆಸಿದ್ದರೆ ಉಳಿದದ್ದೂ ಕಲಸಿಹೋಗುತ್ತಿತ್ತು. ನಾಲ್ಕೂ ಡಿಸ್ಕ್ ಹೊರಗೆ ತೆಗೆದು, ಯಾವುದು ಯಾವ ಸ್ಲಾಟಿನದು ಅಂತ ಮಾರ್ಕರಿನಲ್ಲಿ ಬರೆದು, ಎತ್ತಿಟ್ಟೆವು. ಬೇರೆ ಯಾವ ದಾರಿಯೂ ಇಲ್ಲದಿದ್ದರೆ ಡೇಟಾ ರಿಕವರಿ ಮಾಡುವವರಿಗೆ ಕೊಡಬಹುದು ಅಂತ. ಆ ಹೊತ್ತಿನಲ್ಲಿ ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡ್ ಅಂಗಡಿಗಳು ಮುಚ್ಚಿರುತ್ತವೆ. ಡಿಸೈನ್ ವಿಭಾಗದಲ್ಲಿ ಸುಮ್ನೆ ಬಿದ್ದಿದ್ದ ಒಂದು ಸರ್ವರಿನ ಡಿಸ್ಕುಗಳನ್ನೇ ತಂದು ಹಾಕಿದೆವು.

ಇದೆಲ್ಲಕ್ಕೂ ಮೊದಲು ಒಂದು ಕೆಲಸ ಮಾಡಿದೆವು. ಲಾಗ್ ಡ್ರೈವಿನಲ್ಲಿ ಇದ್ದದ್ದನ್ನೆಲ್ಲ ಹಾಗೇ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿದೆವು. ಎಕ್ಸ್‌ಚೇಂಜ್ ಸರ್ವಿಸ್‌ಗಳನ್ನು ನಿಲ್ಲಿಸಿ, ನಕಲು ಮುಗಿಯುವ ತನಕ ಯಾವುದನ್ನೂ ಮುಟ್ಟಲಿಲ್ಲ. ನಕಲು ಮಾಡುತ್ತಿರುವಾಗಲೇ ವ್ಯತ್ಯಾಸ ಕಣ್ಣಿಗೆ ಬಿತ್ತು. ಮೊದಲ ಡೇಟಾಬೇಸಿನ ಫೋಲ್ಡರಿನಲ್ಲಿ ಗುರುವಾರ ರಾತ್ರಿಯಿಂದೀಚೆಗಿನ ಸುಮಾರು 9 ಸಾವಿರ ಲಾಗ್ ಫೈಲ್. ಎರಡನೆಯದರಲ್ಲಿ ಬೆರಳೆಣಿಕೆಯಷ್ಟು. ಸರ್ಕ್ಯುಲರ್ ಲಾಗಿಂಗ್ ಆನ್ ಆಗಿಯೇ ಇದೆ ಅಂತ ಎಲ್ಲರಿಗೂ ಗೊತ್ತಾದದ್ದು ಆಗಲೇ.

ಮೇಲ್ ಹರಿಯಬೇಕೋ, ಹಳೇ ಮೇಲ್ ಬರಬೇಕೋ

ಎಂಡಿ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗ ಸರಿ ಹೋಗುತ್ತೆ?" ನಾನು ಅದನ್ನು ಎರಡು ಪ್ರಶ್ನೆ ಮಾಡಿ ವಾಪಸ್ ಕೇಳಿದೆ. "ಸರ್, ಹೊಸ ಮೇಲ್ ಬರೋದು ಹೋಗೋದು ಯಾವಾಗ ಬೇಕು? ಹಳೇ ಮೇಲ್ ಯಾವಾಗ ಬೇಕು?" ಅವರು ಸ್ವಲ್ಪ ಹೊತ್ತು ಯೋಚಿಸಿ, ಸೇಲ್ಸ್‌ನವರು ಭಾನುವಾರ ಹೊರದೇಶದ ಗ್ರಾಹಕರ ಜೊತೆ ಮಾತಾಡಲೇಬೇಕು, ಹಳೇ ಮೇಲ್ ಸೋಮವಾರ ಬೆಳಿಗ್ಗೆ ಇದ್ದರೆ ಸಾಕು ಅಂದರು. ಇಡೀ ಪ್ರಕರಣದಲ್ಲಿ ದೊಡ್ಡ ತಿರುವು ಇದೇ ಅಂತ ನನ್ನ ಅಭಿಪ್ರಾಯ. ಎರಡನ್ನೂ ಒಂದೇ ಗಂಟು ಮಾಡಿಕೊಂಡರೆ ಆತುರದಲ್ಲಿ ತಪ್ಪು ಹೆಜ್ಜೆ ಇಡುತ್ತೇವೆ. ಬೇರೆ ಮಾಡಿದರೆ, ರಿಸ್ಟೋರ್ ಮಾಡುವವರಿಗೆ, ಅಂದರೆ ಬ್ಯಾಕಪ್ಪಿನಿಂದ ವಾಪಸ್ ತರುವವರಿಗೆ, ಉಸಿರಾಡಲು ಹೊತ್ತು ಸಿಗುತ್ತದೆ.

ಹೊರಗಿನಿಂದ ಬರುವ ಮೇಲ್ ಬಗ್ಗೆ ಎಲ್ಲರಿಗೂ ಭಯ ಇತ್ತು. ಅದು ಅಷ್ಟು ದೊಡ್ಡ ಭಯ ಅಲ್ಲ. ನಮ್ಮ ಸರ್ವರ್ ಉತ್ತರ ಕೊಡದಿದ್ದರೆ ಕಳಿಸಿದ ಸರ್ವರ್ ಮೇಲನ್ನು ತನ್ನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೈಬಿಡುವ ಮೊದಲು ಕನಿಷ್ಠ 4–5 ದಿನ ಪ್ರಯತ್ನಿಸಬೇಕು ಅನ್ನುವುದು ಸರ್ವರುಗಳ ನಡುವೆ ಮೇಲ್ ಸಾಗುವ ನಿಯಮಗಳಾದ ಎಸ್‌ಎಂಟಿಪಿ ಮಾನದಂಡದ ಸಲಹೆ. ಎಲ್ಲರೂ ಅಷ್ಟು ಕಾಯುತ್ತಾರೆ ಅಂತ ಹೇಳಲಾಗದು, ಆದರೆ ಒಂದು ರಾತ್ರಿಗೆ ಏನೂ ಆಗುವುದಿಲ್ಲ. ಅದಕ್ಕೇ ಆ ರಾತ್ರಿ ಫೈರ್‌ವಾಲ್‌ನಲ್ಲಿ ಹೊರಗಿನ ಮೇಲ್ ಒಳಬರುವ ಬಾಗಿಲಾದ 25ನೇ ಪೋರ್ಟ್ ಮುಚ್ಚಿಬಿಟ್ಟೆವು. ಅರ್ಧಂಬರ್ಧ ಎದ್ದ ಸರ್ವರ್ ಮೇಲ್ ತೆಗೆದುಕೊಂಡು ಎಲ್ಲೋ ಕಳೆಯುವುದಕ್ಕಿಂತ, ಹೊರಗೇ ಕಾಯಲಿ.

ಮೊದಲ ಡೇಟಾಬೇಸಿನವರಿಗೆ ಡಯಲ್ ಟೋನ್ ಕೊಡುವುದು ಅಂತ ತೀರ್ಮಾನಿಸಿದೆವು. ಅಂದರೆ ಅದೇ ಬಳಕೆದಾರರಿಗೆ ಖಾಲಿ ಡೇಟಾಬೇಸ್ ಒಂದನ್ನು ಕೊಡುವುದು. ಹಳೇ ಮೇಲ್ ಇರುವುದಿಲ್ಲ, ಹೊಸದು ಬರುತ್ತದೆ, ಹೋಗುತ್ತದೆ. ಹಿಂದೆ ನಿಂತು ಹಳೇದನ್ನು ರಿಸ್ಟೋರ್ ಮಾಡಿ, ಆಮೇಲೆ ಎರಡನ್ನೂ ಸೇರಿಸುವುದು. ಎರಡನೇ ಡೇಟಾಬೇಸಿನವರಿಗೆ ಭಾನುವಾರ ರಜೆ. ಅವರಿಗೆ ಬರುವ ಮೇಲ್ ಸರ್ವರಿನ ಕ್ಯೂನಲ್ಲೇ ಕಾಯಲಿ ಅಂದುಕೊಂಡೆವು. ಇಲ್ಲೊಂದು ಸಣ್ಣ ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಎಕ್ಸ್‌ಚೇಂಜ್ ತನ್ನ ಕ್ಯೂನಲ್ಲಿ ಮೇಲ್ ಇಟ್ಟುಕೊಳ್ಳುವುದು 2 ದಿನ ಮಾತ್ರ. ಆಮೇಲೆ ತಲುಪಿಸಲಾಗಲಿಲ್ಲ ಅಂತ ಕಳಿಸಿದವರಿಗೆ ಹಿಂದಿರುಗಿಸುತ್ತದೆ. ಪೋರ್ಟ್ ತೆರೆಯುವ ಮೊದಲು ಆ ಮಿತಿಯನ್ನು 5 ದಿನಕ್ಕೆ ಏರಿಸಿದೆವು.

ಡಯಲ್ ಟೋನ್ ಕೊಡುವ ಮೊದಲು ಜನರಿಗೆ ಹೇಳುವುದು ಬಹಳ ಮುಖ್ಯ. ಫೋನ್ ತೆರೆದಾಗ ಇನ್‌ಬಾಕ್ಸ್ ಪೂರ್ತಿ ಖಾಲಿ ಕಾಣುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಹಾಕಿಸಿದೆವು: ಹಳೇ ಮೇಲ್ ಕಾಣಿಸುವುದಿಲ್ಲ, ಅಳಿದಿಲ್ಲ, ಹೊಸ ಮೇಲ್ ಬಳಸಿ, ಏನೂ ಸೆಟ್ಟಿಂಗ್ ಬದಲಿಸಬೇಡಿ. ಆದರೂ ಅಕೌಂಟ್ಸ್ ಮೇಡಂ ಗಾಬರಿಯಿಂದ ಫೋನ್ ಮಾಡಿದರು. "ನನ್ನ ಹನ್ನೊಂದು ವರ್ಷದ ಮೇಲ್ ಕಣಪ್ಪಾ, ಎಲ್ಲಾ ಹೋಯ್ತಾ?" ಅವರಿಗೆ ಮತ್ತೆ ನಿಧಾನವಾಗಿ ವಿವರಿಸಿದೆವು. ಹಾಗೆ ಕೇಳಿದವರ ಮೇಲೆ ಯಾರೂ ಸಿಡುಕಬಾರದು. ಅವರ ಕೆಲಸದ ನೆನಪೆಲ್ಲ ಅಲ್ಲೇ ಇರುತ್ತದೆ.

ರಿಸ್ಟೋರ್

ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ರಿಸ್ಟೋರ್ ಒತ್ತಿದರೆ 'ಮೂಲ ಜಾಗಕ್ಕೆ' ಅನ್ನುವ ಆಯ್ಕೆ ತಾನಾಗಿ ಟಿಕ್ ಆಗಿರುತ್ತಿತ್ತು. ಮುಂದೆ ಹೋಗುವ ಮೊದಲು ಅದರ ಮ್ಯಾನ್ಯುಯಲ್ ಓದಿದೆವು. ಮೂಲ ಜಾಗಕ್ಕೆ ಹಾಕುವಾಗ ಆ ಫೋಲ್ಡರುಗಳನ್ನು ಮೊದಲು ಖಾಲಿ ಮಾಡುತ್ತದೆ ಅಂತ ಬರೆದಿತ್ತು. ಅಂದರೆ ಉಳಿದಿದ್ದ 9 ಸಾವಿರ ಲಾಗ್ ಕೂಡ ಹೋಗುತ್ತಿತ್ತು. ನಕಲು ಇತ್ತು ನಿಜ, ಆದರೆ ಮಧ್ಯರಾತ್ರಿ ನಿದ್ದೆಗೆಟ್ಟು ಕೆಲಸ ಮಾಡುವವರು ನಕಲಿನ ಮೇಲೆ ಭಾರ ಹಾಕಬಾರದು. ಬೇರೆ ಫೋಲ್ಡರಿಗೆ ರಿಸ್ಟೋರ್ ಮಾಡಿದೆವು. ಒಂದು ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ 100 ಎಂಬಿ ಮೇಲೆ ಸಿಗುವುದು ಕಷ್ಟ. ಆ ನ್ಯಾಸ್ ಅದರ ಅರ್ಧ ಕೂಡ ಕೊಡಲಿಲ್ಲ. ಬೆಳಗಾಗುವ ತನಕ ಕಾದೆವು.

ರಿಸ್ಟೋರ್ ಆದ ಫೈಲನ್ನು, ಡೇಟಾಬೇಸ್ ಪರೀಕ್ಷಿಸುವ ಕಮಾಂಡ್ ಆದ ಇಎಸ್‌ಇಯುಟಿಲ್‌ನಲ್ಲಿ ಎಂಎಚ್ ಸ್ವಿಚ್ (ಕಮಾಂಡಿಗೆ ಸೇರಿಸುವ ಆಯ್ಕೆ) ಹಾಕಿ ನೋಡಿದರೆ 'ಡರ್ಟಿ ಶಟ್‌ಡೌನ್' ಅಂತ ತೋರಿಸಿತು. ಹೊಸಬರು ಇಲ್ಲಿ ಹೆದರುತ್ತಾರೆ. ಹೆದರಬೇಕಿಲ್ಲ. ಓಡುತ್ತಿದ್ದ ಡೇಟಾಬೇಸಿನ ಬ್ಯಾಕಪ್ ಹಾಗೇ ಇರುತ್ತದೆ. ಇನ್ನೂ ಲಾಗ್‌ಗಳನ್ನು ಏರಿಸಬೇಕಿದೆ ಅಂತಷ್ಟೇ ಅದರ ಅರ್ಥ. ಯಾವ ಲಾಗ್‌ನಿಂದ ಯಾವ ಲಾಗ್‌ವರೆಗೆ ಬೇಕೇಬೇಕು ಅನ್ನುವುದನ್ನೂ ಅದೇ ಪರದೆ ಹೇಳುತ್ತದೆ.

ಉಳಿದ ಲಾಗ್‌ಗಳನ್ನು ಪಕ್ಕಕ್ಕೆ ತಂದಿಟ್ಟು, ಏರಿಸುವ ಮೊದಲು ಎಂಎಲ್ ಸ್ವಿಚ್ ಹಾಕಿ ಸರಪಳಿ ಪರೀಕ್ಷಿಸಿದೆವು. ಲಾಗ್‌ಗಳ ಹೆಸರು ಹದಿನಾರರ ಎಣಿಕೆಯಲ್ಲಿ ಏರುತ್ತದೆ. 9 ಆದ ಮೇಲೆ 10 ಬರುವುದಿಲ್ಲ, ಎ, ಬಿ, ಸಿ ಅಂತ ಎಫ್‌ವರೆಗೆ ಹೋಗಿ ಆಮೇಲೆ 10. ಕಣ್ಣಳತೆಯಲ್ಲಿ ಲೆಕ್ಕ ಹಾಕಿದರೆ ಇಲ್ಲದ ಫೈಲು ಇದೆ ಅನಿಸುತ್ತದೆ, ಇರುವುದು ಇಲ್ಲ ಅನಿಸುತ್ತದೆ. ಹಾಗಾಗಿ ಕಮಾಂಡಿಗೇ ಬಿಟ್ಟೆವು. ಸಾಲು ಸಾಲಾಗಿ 'ಓಕೆ' ಅಂತ ಬರುತ್ತಾ ಬರುತ್ತಾ, ಶುಕ್ರವಾರ ಮಧ್ಯಾಹ್ನದ ಹತ್ತಿರ ನಿಂತಿತು. ಒಂದು ಲಾಗ್ ಇಲ್ಲ.

ಒಂದೇ ಒಂದು ಲಾಗ್, 1 ಎಂಬಿ. ಆದರೆ ಅದಿಲ್ಲದಿದ್ದರೆ ಅದರ ನಂತರದ ಯಾವ ಲಾಗ್ ಕೂಡ ಏರುವುದಿಲ್ಲ. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆವರೆಗಿನದು ಎಲ್ಲಾ ಹೋಗುತ್ತದೆ.

ಕಿರಿಯ ಎಂಜಿನಿಯರ್ ಮೆಲ್ಲಗೆ ಕೇಳಿದರು, "ಸರ್, ಸ್ಲ್ಯಾಶ್ ಪಿ ಹಾಕಿದ್ರೆ ಮೌಂಟ್ ಆಗುತ್ತಲ್ವಾ?" ಆಗುತ್ತದೆ. ಮೌಂಟ್ ಅಂದರೆ ಡೇಟಾಬೇಸ್ ಬಳಕೆಗೆ ತೆರೆದುಕೊಳ್ಳುವುದು. ಸ್ಲ್ಯಾಶ್ ಪಿ ಡೇಟಾಬೇಸನ್ನು ರಿಪೇರಿ ಮಾಡುವ ಸ್ವಿಚ್. ಅರ್ಥವಾಗದ ಪುಟಗಳನ್ನು ಅದು ಕಿತ್ತೆಸೆಯುತ್ತದೆ. ಎಸೆದದ್ದು ಯಾರ ಮೇಲ್ ಅಂತ ಗೊತ್ತಾಗುವುದಿಲ್ಲ. ಒಮ್ಮೆ ಹಾಕಿದ ಮೇಲೆ ಆ ಫೈಲಿಗೆ ಹಳೇ ಲಾಗ್‌ಗಳನ್ನು ಏರಿಸಲೂ ಆಗುವುದಿಲ್ಲ. ಹಾಗೆ ರಿಪೇರಿಯಾದ ಡೇಟಾಬೇಸಿನಲ್ಲಿ ಮುಂದುವರಿಯಬೇಡಿ, ಮೇಲ್‌ಬಾಕ್ಸ್‌ಗಳನ್ನು ಹೊಸದಕ್ಕೆ ಸಾಗಿಸಿ ಅಂತ ಮೈಕ್ರೋಸಾಫ್ಟ್ ಕೂಡ 2015ರಿಂದ ಹೇಳುತ್ತಾ ಬಂದಿದೆ. ಬ್ಯಾಕಪ್ ಯಾವುದೂ ಇಲ್ಲದಾಗ ಬಳಸುವ ಕೊನೇ ಅಸ್ತ್ರ ಅದು. ನಮ್ಮ ಹತ್ತಿರ ಒಳ್ಳೆಯ ಬ್ಯಾಕಪ್ ಇತ್ತು. ಬೇಡ ಅಂದೆ.

ಫೈಲ್ ಎಲ್ಲಿ ಹೋಗಿರಬಹುದು ಅಂತ ಒಟ್ಟಿಗೆ ಕೂತು ಯೋಚಿಸಿದೆವು. ಡಿಸ್ಕ್ ಕೆಟ್ಟಿಲ್ಲ. ಯಾರೂ ಕೈಯಾರೆ ಅಳಿಸಿಲ್ಲ. ಎಕ್ಸ್‌ಚೇಂಜ್ ತಾನಾಗಿ ನಡುವಿನ ಒಂದನ್ನು ಮಾತ್ರ ಅಳಿಸುವುದಿಲ್ಲ. ಹಾಗಾದರೆ ಈ ಫೋಲ್ಡರಿಗೆ ಕೈ ಹಾಕುವ ಇನ್ನೊಂದು ಸಾಫ್ಟ್‌ವೇರ್ ಯಾವುದು? ಆಂಟಿವೈರಸ್. ಉತ್ತರ ಹೊಳೆದದ್ದು ಆ ಎಂಜಿನಿಯರಿಗೇ. ಆಂಟಿವೈರಸ್ಸಿನ ಕ್ವಾರಂಟೈನ್ ಪಟ್ಟಿ ತೆರೆದರೆ ಶುಕ್ರವಾರ ಮಧ್ಯಾಹ್ನ ಹಿಡಿದಿಟ್ಟ ಒಂದು ಫೈಲ್ ಇತ್ತು. ಅದೇ ಹೆಸರು. ಯಾರಿಗೋ ಬಂದ ಕೆಟ್ಟ ಅಟ್ಯಾಚ್‌ಮೆಂಟಿನ ತುಣುಕು ಆ ಲಾಗ್‌ನಲ್ಲಿ ಬರೆದಿತ್ತು. ಆಂಟಿವೈರಸ್ ಇಡೀ ಲಾಗ್ ಫೈಲನ್ನೇ ಎತ್ತಿಟ್ಟಿತ್ತು. ಡೇಟಾಬೇಸ್ ಮತ್ತು ಲಾಗ್ ಫೋಲ್ಡರುಗಳನ್ನು ಆಂಟಿವೈರಸ್ ಮುಟ್ಟದಂತೆ ಹೊರಗಿಡಬೇಕು ಅನ್ನುವುದು ಎಕ್ಸ್‌ಚೇಂಜ್‌ನ ಹಳೇ ನಿಯಮ. ಇಲ್ಲಿ ಡೇಟಾಬೇಸ್ ಫೋಲ್ಡರನ್ನು ಮಾತ್ರ ಹೊರಗಿಟ್ಟಿದ್ದರು. ಕ್ವಾರಂಟೈನ್‌ನಿಂದ ಫೈಲ್ ಬಿಡಿಸಿ ಅದರ ಜಾಗಕ್ಕೆ ಇಟ್ಟು ಮತ್ತೆ ಪರೀಕ್ಷಿಸಿದೆವು. ಸರಪಳಿ ಕೊನೆಯವರೆಗೂ ಓಕೆ.

ಆಮೇಲೆ ಲಾಗ್‌ಗಳನ್ನು ಏರಿಸಿದೆವು. ಡೇಟಾಬೇಸ್ 'ಕ್ಲೀನ್ ಶಟ್‌ಡೌನ್' ತೋರಿಸಿತು. ರಿಕವರಿ ಡೇಟಾಬೇಸ್ ಆಗಿ, ಅಂದರೆ ಬಳಕೆದಾರರಿಗೆ ಕಾಣದೆ ಹಳೇ ಮೇಲ್ ತೆಗೆಯಲಷ್ಟೇ ಇರುವ ಡೇಟಾಬೇಸ್ ಆಗಿ, ಮೌಂಟ್ ಮಾಡಿ, ಶನಿವಾರ ಸಂಜೆಯ ಮೇಲ್‌ಗಳು ಇವೆಯಾ ಅಂತ ನೋಡಿಕೊಂಡೆವು. ಇದ್ದವು.

ಈಗ 420 ಜಿಬಿ ಹಳೇದು ಒಂದು ಕಡೆ, ಅರ್ಧ ದಿನದ ಹೊಸ ಮೇಲ್ ಇರುವ ಡಯಲ್ ಟೋನ್ ಇನ್ನೊಂದು ಕಡೆ. ದೊಡ್ಡದನ್ನು ಚಿಕ್ಕದಕ್ಕೆ ಸುರಿಯುತ್ತಾ ಕೂತರೆ ಸೋಮವಾರ ಮಧ್ಯಾಹ್ನ ಆಗುತ್ತಿತ್ತು. ಭಾನುವಾರ ರಾತ್ರಿ ಸ್ವಲ್ಪ ಹೊತ್ತು ಸರ್ವರ್ ನಿಲ್ಲಿಸಿ ಎರಡರ ಫೈಲುಗಳನ್ನು ಅದಲು ಬದಲು ಮಾಡಿದೆವು. ಹಳೇದು ಚಾಲ್ತಿಗೆ ಬಂತು, ಡಯಲ್ ಟೋನ್ ರಿಕವರಿ ಜಾಗಕ್ಕೆ ಹೋಯಿತು. ಅದರಲ್ಲಿದ್ದ ಭಾನುವಾರದ ಮೇಲ್‌ಗಳನ್ನು ಮೇಲ್‌ಬಾಕ್ಸ್ ರಿಸ್ಟೋರ್ ರಿಕ್ವೆಸ್ಟ್ ಅನ್ನುವ ಕಮಾಂಡ್ ಕೊಟ್ಟು ಚಾಲ್ತಿ ಮೇಲ್‌ಬಾಕ್ಸ್‌ಗಳಿಗೆ ಸೇರಿಸಿದೆವು. ಸೋಮವಾರ ಬೆಳಿಗ್ಗೆ ಅಕೌಂಟ್ಸ್ ಮೇಡಂಗೆ ಹನ್ನೊಂದು ವರ್ಷದ ಮೇಲೂ ಸಿಕ್ಕಿತು, ಭಾನುವಾರದ್ದೂ ಸಿಕ್ಕಿತು.

ಎರಡನೇ ಡೇಟಾಬೇಸ್

ಇದರ ರಿಸ್ಟೋರ್ ಸುಲಭ. ಗುರುವಾರ ರಾತ್ರಿಯ ಸ್ಥಿತಿ ಬಂತು, ಅಲ್ಲಿಗೆ ಮುಗಿಯಿತು. ಏರಿಸಲು ಲಾಗ್ ಇಲ್ಲ. ಶುಕ್ರವಾರ, ಶನಿವಾರದ ಮೇಲ್ ಸರ್ವರಿನಲ್ಲಿ ಎಲ್ಲೂ ಇಲ್ಲ. ಪರ್ಚೇಸ್‌ನವರ ಎರಡು ದಿನದ ಆರ್ಡರು, ಕ್ವಾಲಿಟಿಯವರ ರಿಪೋರ್ಟು ಎಲ್ಲ ಅದರಲ್ಲೇ.

ಸರ್ವರಿನಲ್ಲಿ ಇಲ್ಲದ್ದು ಜನರ ಕಂಪ್ಯೂಟರಿನಲ್ಲಿ ಇರಬಹುದು. ಕಂಪ್ಯೂಟರಿನಲ್ಲಿ ಮೇಲ್ ಓದುವ ಸಾಫ್ಟ್‌ವೇರ್ ಆದ ಔಟ್‌ಲುಕ್, ಮೇಲ್‌ಬಾಕ್ಸಿನ ನಕಲನ್ನು ಓಎಸ್‌ಟಿ ಅನ್ನುವ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಆದರೆ ಆ ಫೈಲ್ ಸರ್ವರ್ ಹೇಳಿದಂತೆ ಕೇಳುವಂಥದ್ದು. ಗುರುವಾರದ ಸ್ಥಿತಿಗೆ ಹೋದ ಮೇಲ್‌ಬಾಕ್ಸಿಗೆ ಅದು ಸೇರಿದರೆ ಶುಕ್ರವಾರ, ಶನಿವಾರದ ಮೇಲ್‌ಗಳು ಅಲ್ಲೂ ಅಳಿಯಬಹುದು. ಹಾಗಾಗಿ ಡೇಟಾಬೇಸ್ ಮೌಂಟ್ ಮಾಡುವ ಮೊದಲೇ ಆ ಮೇಲ್‌ಬಾಕ್ಸ್‌ಗಳಿಗೆ ಔಟ್‌ಲುಕ್ ಮತ್ತು ಫೋನಿನ ದಾರಿ ಮುಚ್ಚಿ, ವೆಬ್‌ಮೇಲ್ ಮಾತ್ರ ತೆರೆದಿಟ್ಟೆವು. ಸೋಮವಾರ ಬೆಳಿಗ್ಗೆ ಒಬ್ಬೊಬ್ಬರ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ತೆಗೆದು, ಔಟ್‌ಲುಕ್ ತೆರೆದು, ಆ ಎರಡು ದಿನದ ಮೇಲ್‌ಗಳನ್ನು ಪಿಎಸ್‌ಟಿ ಅನ್ನುವ, ಸರ್ವರಿನ ಹಂಗಿಲ್ಲದ ಬೇರೆ ಫೈಲಿಗೆ ತೆಗೆದುಕೊಂಡು, ಆಮೇಲೆ ಅವರ ದಾರಿ ಬಿಟ್ಟೆವು. ಬೇಸರದ ಕೆಲಸ, ಆದರೆ ಔಟ್‌ಲುಕ್ ಬಳಸುವ ಬಹುತೇಕರ ಮೇಲ್ ಹಾಗೇ ಸಿಕ್ಕಿತು.

ಉಳಿದವರು ವೆಬ್‌ಮೇಲ್ ಮಾತ್ರ ಬಳಸುವವರು. ಸ್ಟೋರ್ಸ್, ಪ್ರೊಡಕ್ಷನ್‌ನವರೇ ಜಾಸ್ತಿ. ಅವರ ನಕಲು ಎಲ್ಲೂ ಇರಲಿಲ್ಲ. ಅವರಿಗೆ ನೆರವಾದದ್ದು ಮೆಸೇಜ್ ಟ್ರ್ಯಾಕಿಂಗ್ ಲಾಗ್. ಯಾರಿಂದ ಯಾರಿಗೆ, ಎಷ್ಟು ಹೊತ್ತಿಗೆ, ಯಾವ ವಿಷಯದ ಮೇಲ್ ಬಂತು ಅಂತ ಎಕ್ಸ್‌ಚೇಂಜ್ 30 ದಿನ ಬರೆದಿಟ್ಟುಕೊಳ್ಳುತ್ತದೆ. ಮೇಲಿನ ಒಳಗಿನ ಮಾತು ಅದರಲ್ಲಿ ಇರುವುದಿಲ್ಲ. ಅದು ಸಿ ಡ್ರೈವಿನಲ್ಲಿದ್ದದ್ದರಿಂದ ಉಳಿದಿತ್ತು. ಅದರಿಂದ ಒಬ್ಬೊಬ್ಬರಿಗೂ ಒಂದು ಪಟ್ಟಿ ಮಾಡಿಕೊಟ್ಟೆವು. ಕಂಪನಿಯ ಒಳಗಿನ ಮೇಲ್‌ಗಳು ಕಳಿಸಿದವರ ಸೆಂಟ್ ಐಟಮ್ಸ್‌ನಿಂದ ಬಂದವು. ಸಪ್ಲೈಯರ್‌ಗಳಿಗೆ ವಿಷಯ, ಸಮಯ ಸಮೇತ ಹೇಳಿ ಮತ್ತೆ ಕಳಿಸಲು ಕೇಳಿದರು. ಹೆಚ್ಚಿನವು ಬಂದವು. ಕೆಲವು ಬರಲೇ ಇಲ್ಲ.

ಆಮೇಲೆ

ನಂತರದ ಸಭೆಯಲ್ಲಿ ಯಾರೋ ಕೇಳಿದರು: ಎರಡನೇ ಸರ್ವರ್ ತಂದು ಎರಡೂ ಕಡೆ ನಕಲು ಇಟ್ಟರೆ ಬ್ಯಾಕಪ್ಪೇ ಬೇಡ ಅಲ್ವಾ? ಡಿಸ್ಕ್ ಹೋದಾಗ ಅದು ಕಾಪಾಡುತ್ತದೆ, ಖಂಡಿತ. ಆದರೆ ತಪ್ಪು ಅಳಿಸುವಿಕೆ, ಸಾಫ್ಟ್‌ವೇರ್ ದೋಷ ಎರಡೂ ನಕಲಿಗೆ ಒಟ್ಟಿಗೆ ತಲುಪುತ್ತವೆ. 2011ರ ಫೆಬ್ರವರಿಯಲ್ಲಿ ಜಿಮೇಲ್‌ಗೆ ಆದದ್ದು ಅದೇ. ಸಾಫ್ಟ್‌ವೇರಿನ ದೋಷದಿಂದ ಸುಮಾರು 0.02% ಬಳಕೆದಾರರ ಮೇಲ್ ಕಾಣೆಯಾಯಿತು. ಬೇರೆ ಬೇರೆ ಡೇಟಾ ಸೆಂಟರುಗಳಲ್ಲಿದ್ದ ನಕಲುಗಳಿಗೂ ಪೆಟ್ಟು ಬಿದ್ದಿತ್ತು. ಗೂಗಲ್ ಅಂಥ ಗೂಗಲ್ ಕೊನೆಗೆ ಟೇಪ್ ಬ್ಯಾಕಪ್ಪಿನಿಂದ ಮೇಲ್ ವಾಪಸ್ ತಂದಿತು. ಈ ಉದಾಹರಣೆ ಕೇಳಿದ ಮೇಲೆ ಸಭೆಯಲ್ಲಿ ಆ ಪ್ರಶ್ನೆ ಮತ್ತೆ ಏಳಲಿಲ್ಲ. ಎಕ್ಸ್‌ಚೇಂಜ್ 2016ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಲಿದ್ದದ್ದರಿಂದ ಮುಂದಿನ ದಾರಿ ಬೇರೆಯೇ ನೋಡಬೇಕಿತ್ತು. ಕ್ಲೌಡ್‌ಗೆ ಹೋದರೂ ಬ್ಯಾಕಪ್ ಬೇರೆ ಇರಬೇಕು ಅಂತ ಬರೆದುಕೊಟ್ಟೆ.

ಅಲ್ಲೇ ಬದಲಿಸಿದ್ದು ಇಷ್ಟು. ಎರಡನೇ ಡೇಟಾಬೇಸಿನ ಸರ್ಕ್ಯುಲರ್ ಲಾಗಿಂಗ್ ಆಫ್ ಆಯಿತು, ಕೂಡಲೇ ಒಂದು ಫುಲ್ ಬ್ಯಾಕಪ್ ತೆಗೆದೆವು. ಆಂಟಿವೈರಸ್ಸಿಗೆ ಲಾಗ್ ಫೋಲ್ಡರನ್ನೂ ಮುಟ್ಟಬೇಡ ಅಂತ ಹೇಳಿದೆವು. ಡಿಸ್ಕ್ ಮತ್ತು ಬ್ಯಾಕಪ್ ಎಚ್ಚರಿಕೆಗಳು ಈಗ ಇಬ್ಬರ ಫೋನಿಗೆ ಎಸ್ಎಂಎಸ್ ಆಗಿ ಹೋಗುತ್ತವೆ. ಮೇಲ್ ಸರ್ವರ್ ಬಿದ್ದಿದೆ ಅನ್ನುವ ಸುದ್ದಿ ಅದೇ ಸರ್ವರಿನ ಮೂಲಕ ಬರಬೇಕು ಅನ್ನುವ ವ್ಯವಸ್ಥೆ ಅಲ್ಲಿಗೆ ಕೊನೆಯಾಯಿತು.

ನಾನು ಹಟ ಹಿಡಿದು ಮಾಡಿಸಿದ್ದು ರಿಸ್ಟೋರ್ ಅಭ್ಯಾಸ. ತಿಂಗಳಿಗೊಮ್ಮೆ ಒಂದು ಡೇಟಾಬೇಸನ್ನು ಬ್ಯಾಕಪ್ಪಿನಿಂದ ತೆಗೆದು, ರಿಕವರಿ ಡೇಟಾಬೇಸ್ ಆಗಿ ಮೌಂಟ್ ಮಾಡಿ, ಯಾರದಾದರೂ ಒಪ್ಪಿಗೆ ಪಡೆದು ಅವರ ಒಂದು ಮೇಲ್ ಹುಡುಕಿ ತೋರಿಸಬೇಕು. ಒಂದು ಸಲ ಮಾಡಿದವರು ಮುಂದಿನ ಸಲ ಮಾಡುವಂತಿಲ್ಲ. ಕೈಯಲ್ಲಿ ಬರೆದಿಟ್ಟ ಹಾಳೆ ಮಾತ್ರ ಇರಬೇಕು, ಗೊತ್ತಿದ್ದವರನ್ನು ಕೇಳುವಂತಿಲ್ಲ. ಮೊದಲ ಅಭ್ಯಾಸದಲ್ಲೇ ಹಾಳೆಯ ಮೂರನೇ ಸಾಲಿನಲ್ಲಿದ್ದ ಫೋಲ್ಡರ್ ಹೆಸರು ಹೊಸ ಡಿಸ್ಕಿಗೆ ಹೊಂದುತ್ತಿಲ್ಲ ಅಂತ ಸಿಕ್ಕಿಬಿತ್ತು. ಅಭ್ಯಾಸ ಮಾಡುತ್ತಿದ್ದ ಹುಡುಗಿ ಕೆಲಸ ಅಲ್ಲಿಗೇ ನಿಲ್ಲಿಸಿ, ಸಾಲು ತಿದ್ದಿ, ಪಕ್ಕದಲ್ಲಿ ತಾರೀಖು ಹಾಕಿ, ಮತ್ತೆ ಮೊದಲಿನಿಂದ ಶುರು ಮಾಡಿದರು.